ಆಷಾಢದ ಅಚ್ಚು, ಕಾರ್ತಿಕದ ಬೆನ್ನು

ನಾನು ಬರೆದುಕೊಟ್ಟ ಒಂದು ಪುಟದ ಹೇಳಿಕೆಯಿಂದ ಒಬ್ಬ ಮನುಷ್ಯನ ಕೆಲಸ ಹೋಯಿತು. ಆ ಪುಟದಲ್ಲಿದ್ದ ದಿನ, ವಾರ, ಹೊತ್ತು ಎಲ್ಲವೂ ಸರಿಯಾಗಿದ್ದವು. ನಿವೃತ್ತಳಾಗುವವರೆಗೂ ನಾನು ಮಾಡಿದ್ದು ಅದೇ ಕೆಲಸ. ಶಾಸನಗಳಲ್ಲಿ ಕೊಟ್ಟಿರುವ ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ, ಹೇಳಿರುವ ಗ್ರಹಣ ಅಂದು ನಿಜವಾಗಿಯೂ ಸಂಭವಿಸಿತ್ತೇ ಎಂದು ತಾಳೆ ನೋಡುವುದು. ಹಾಗಾಗಿ ಈ ಬರಹದ ದಿನಗಳನ್ನೂ ದಿನಚರಿ, ಫೋನಿನ ಸಂದೇಶ ಮತ್ತು ಪಂಚಾಂಗ ಮೂರನ್ನೂ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಕೆಂಗೇರಿ ಉಪನಗರದ ನಮ್ಮ ಮನೆಯಿಂದ ಬೆಳಗಿನ ನಡಿಗೆಗೆ ಹೊರಟವಳು ಒಂದು ದಿನ ತುಸು ಹೆಚ್ಚು ದೂರ ಹೋದೆ. ಬಡಾವಣೆಗಳು ಮುಗಿಯುವ ಕಡೆ, ತೆಂಗಿನ ಮರಗಳ ನಡುವೆ, ಒಂದು ಕುದುರೆ ಲಾಯವಿತ್ತು. ಅದರ ಯಜಮಾನರು ಹಳೆಯ ಕೆಂಗೇರಿಯ ಒಕ್ಕಲು ಮನೆತನದವರು, ನನ್ನ ಮಗನ ವಯಸ್ಸಿನವರು. ಜಮೀನೆಲ್ಲ ಸೈಟುಗಳಾದ ಮೇಲೆ ಉಳಿದ ತುಣುಕಿನಲ್ಲಿ ಆರು ಕುದುರೆಗಳನ್ನು ಸಾಕಿದ್ದರು. ಕುದುರೆಗಳ ಉಲ್ಲೇಖವಿರುವ ಅದೆಷ್ಟೋ ವೀರಗಲ್ಲುಗಳನ್ನು ಓದಿದ್ದ ನಾನು ಜೀವಂತ ಕುದುರೆಯೊಂದನ್ನು ಮುಟ್ಟಿದ್ದು ಅಂದೇ ಮೊದಲು. ಒಂದು ವರ್ಷದೊಳಗೆ ಕುದುರೆಯ ಮೇಲೆ ಕೂತು ನಡಿಗೆ, ಓಟ ಎರಡನ್ನೂ ಕಲಿತೆ. ಆಮೇಲೆ ದೂರದ ಸವಾರಿಯ ಆಸೆ ಹುಟ್ಟಿತು. ಅದರಲ್ಲಿ ವೇಗಕ್ಕಿಂತ ಕುದುರೆಯ ಕ್ಷೇಮಕ್ಕೆ ಬೆಲೆ ಹೆಚ್ಚು. ನಡುನಡುವೆ ನಿಲ್ಲಿಸಿ ಪಶುವೈದ್ಯರು ಕುದುರೆಯ ನಾಡಿ ಎಣಿಸುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ. ನೋವಿದೆ ಎಂದು ಕಂಡರೆ ಸವಾರಿ ಅಲ್ಲಿಗೇ ಮುಗಿಯಿತು. ಪ್ರತಿ ಹಂತದಲ್ಲೂ ಪರಿಶೀಲನೆಯಿರುವ ಆಟವೆಂಬ ಕಾರಣಕ್ಕೇ ಅದು ನನಗೆ ಹಿಡಿಸಿತು.

ಕುದುರೆ ಯಜಮಾನರದು, ಸವಾರಿಯ ಸಾಮಾನು ಸವಾರರದು ಎಂಬುದು ಆ ಲಾಯದ ಪದ್ಧತಿ. ನನ್ನ ಪಾಲಿಗೆ ಬಂದದ್ದು ಕಂದು ಬಣ್ಣದ ಒಂದು ಹೆಣ್ಣುಕುದುರೆ. ಸಾಮಾನು ಕೊಳ್ಳುವುದಕ್ಕೆ ನಾನು ಎರಡು ತಿಂಗಳು ತೆಗೆದುಕೊಂಡೆ. ಹೆಲ್ಮೆಟ್ಟನ್ನು ನಾಲ್ಕು ಸಲ ಬದಲಿಸಿದೆ. ಒಂದನ್ನು ಮನೆಯೊಳಗೆ ಇಡೀ ಮಧ್ಯಾಹ್ನ ಹಾಕಿಕೊಂಡು ಕೂತು, ಹಣೆಯ ಮೇಲೆ ಗುರುತು ಬೀಳುತ್ತದೆಯೇ ಎಂದು ಕನ್ನಡಿ ನೋಡಿಕೊಂಡೆ. ಪಾದ ಊರುವ ರಿಕಾಪು ಅಗಲವಾಗಿರಬೇಕು, ಇಲ್ಲದಿದ್ದರೆ ದೂರ ಹೋದಂತೆ ಅಂಗಾಲು ಮರಗಟ್ಟುತ್ತದೆ ಎಂದು ಓದಿ, ಅಗಲವಾದದ್ದನ್ನೇ ಹುಡುಕಿ, ಅಂಗಡಿಯ ಸ್ಟೂಲಿನ ಮೇಲೆ ನಿಂತು ಪರೀಕ್ಷಿಸಿದೆ. ಹಾದಿಯಲ್ಲಿ ನೀರು ಸಿಕ್ಕಾಗ ಕುದುರೆಯ ಕತ್ತು ಒರೆಸಲು ದಾರ ಕಟ್ಟಿದ ಸ್ಪಂಜನ್ನೂ ಕೊಂಡೆ. ಉಳಿದದ್ದು ಎಲ್ಲಕ್ಕಿಂತ ಮುಖ್ಯವಾದ ಜೀನು.

ಜೀನಿನ ಅಳತೆಗೆ ನಾನು ಅನುಸರಿಸಿದ್ದು ನನ್ನ ವೃತ್ತಿಯ ವಿಧಾನವನ್ನು. ಶಾಸನದ ಕಲ್ಲನ್ನು ಕಚೇರಿಗೆ ಹೊತ್ತು ತರಲಾಗುವುದಿಲ್ಲ. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುತ್ತೇವೆ. ಅನಂತರದ ಕೆಲಸವೆಲ್ಲ ಆ ಅಚ್ಚಿನ ಮೇಲೆಯೇ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ವಕ್ರರೇಖೆ ಎಳೆಯಲು ಬಳಸುವ, ಬಾಗಿಸಿದಂತೆಯೇ ನಿಲ್ಲುವ ರಬ್ಬರಿನ ಪಟ್ಟಿಯೊಂದನ್ನು ವಿಜಯನಗರದ ಸ್ಟೇಷನರಿ ಅಂಗಡಿಯಲ್ಲಿ ಕೊಂಡೆ. ಆಷಾಢದ ಒಂದು ಸೋಮವಾರ ಕುದುರೆಯ ಹೆಗಲಿಂದ ಹಿಂದಕ್ಕೆ ಮೂರು ಕಡೆ ಆ ಪಟ್ಟಿಯನ್ನು ಒತ್ತಿ, ಅದರ ಬಾಗನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿಕೊಂಡೆ. ಪ್ರತಿ ರಟ್ಟಿನ ಮೇಲೂ ತಾರೀಖು ಹಾಕಿ ಸಹಿ ಮಾಡಿದೆ.

ಕುದುರೆಯನ್ನು ಹಿಡಿದು ನಿಂತಿದ್ದವರು ಅದನ್ನು ನೋಡಿಕೊಳ್ಳುತ್ತಿದ್ದವರು. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಮನುಷ್ಯ. ಉಲ್ಲಾಳದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಕುದುರೆಯನ್ನು 'ಅವ್ವ' ಎಂದು ಕರೆಯುತ್ತಿದ್ದರು.

"ಏನ್ ಮೇಡಂ, ಅವ್ವಂಗೆ ಬ್ಲೌಸ್ ಹೊಲಿಸ್ತೀರಾ?" ಎಂದರು.

"ಜೀನಿಗೆ ಕಣ್ರೀ. ಅಳತೆ ಪಕ್ಕಾ ಇರ್ಬೇಕಲ್ಲ."

"ರಟ್ಟಿನ ಮೇಲೆ ಅಳತೆ ತಗೊಂಡ್ರೆ ಆಮೇಲೆ ಸವಾರೀನೂ ರಟ್ಟಿನ ಮೇಲೇ ಮಾಡ್ಬೇಕಾಗುತ್ತೆ ನೋಡಿ" ಎಂದು ನಕ್ಕರು. ನಾನೂ ನಕ್ಕೆ. ನಮ್ಮಿಬ್ಬರ ನಡುವೆ ಅಷ್ಟು ಸಲಿಗೆ ಆಗ ಇತ್ತು.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ರಾಜಾಜಿನಗರಕ್ಕೆ ಹೋಗಿ, ಕಾರ್ಖಾನೆಗಳ ಸಂದಿಯಲ್ಲಿ ಚರ್ಮದ ಕೆಲಸ ಮಾಡುವ ವೃದ್ಧರೊಬ್ಬರಿಗೆ ರಟ್ಟುಗಳನ್ನು ಕೊಟ್ಟೆ. ಅವರು ಅವನ್ನು ತಿರುಗಿಸಿ ನೋಡಿ, "ಅಮ್ಮಾ, ಕುದುರೇನ ಒಂದ್ಸಲ ನೋಡ್ಬೇಕಿತ್ತು. ಭಾನುವಾರ ಬಂದುಬಿಡ್ಲಾ?" ಎಂದರು. ಅವಶ್ಯವಿಲ್ಲ, ಅಚ್ಚು ನಿಖರವಾಗಿದೆ ಎಂದೆ. ನನ್ನ ಮೈಗೆ ತಾಗುವ ಪ್ರತಿಯೊಂದನ್ನೂ ಹಾಕಿ ನೋಡಿ ಕೊಂಡವಳು, ಕುದುರೆಯ ಮೈಗೆ ತಾಗುವ ಒಂದನ್ನು ಮಾತ್ರ ಹೀಗೆ ಕೊಂಡೆನೆಂಬುದು ಆಗ ಹೊಳೆಯಲಿಲ್ಲ. ಶ್ರಾವಣದಲ್ಲಿ ಜೀನು ಬಂತು. ಅಚ್ಚಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಕುದುರೆಯ ಮೇಲೂ ಸರಿಯಾಗಿ ಕೂತಿತು.

ಅಲ್ಲಿಂದ ಅಭ್ಯಾಸ ಹೆಚ್ಚಿತು. ವಾರದಿಂದ ವಾರಕ್ಕೆ ದೂರ ಬೆಳೆಯಿತು. ಕಾರ್ತಿಕದ ಕೊನೆಗೆ ನನ್ನ ಮೊದಲ ದೂರದ ಸವಾರಿ ಎಂದು ನಿಶ್ಚಯವಾಗಿತ್ತು.

ದೀಪಾವಳಿ ಕಳೆದ ಮರುವಾರದ ಶನಿವಾರ ಬೆಳಿಗ್ಗೆ, ಕುದುರೆಯ ಹೆಗಲ ಹಿಂದೆ ಬೆನ್ನುಮೂಳೆಯ ಎರಡೂ ಬದಿಗೆ ಅಂಗೈ ಅಗಲದ ಬಾವು ಕಂಡಿತು. ಒಂದು ಕಡೆ ಚರ್ಮ ಸುಲಿದು ನೀರೊಸರುತ್ತಿತ್ತು. ಯಜಮಾನರು ಸಿಟ್ಟಿಗೆದ್ದರು. ಜೀನಿನ ಕೆಳಗೆ ಹಾಸುವ ದಪ್ಪ ಹೊದಿಕೆಯನ್ನು ಯಾರು ಒಗೆದರು, ಯಾರು ಹಾಕಿದರು ಎಂದು ವಿಚಾರಿಸತೊಡಗಿದರು. ಆಗ ನನಗೆ ಗುರುವಾರದ ಸಂಜೆ ನೆನಪಾಯಿತು. ಅಂದು ಹಿಂಗಾರಿನ ಮಳೆ ಬಂದಿತ್ತು. ಹೊದಿಕೆ ಪೂರ್ತಿ ಒಣಗಿರಲಿಲ್ಲ. ಕುದುರೆ ನೋಡಿಕೊಳ್ಳುವವರು ಅದನ್ನೇ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹಾಗೆಂದು ಹೇಳಿದೆ.

"ಮೇಡಂ, ಅದನ್ನೇ ಒಂದು ಪೇಪರ್ ಮೇಲೆ ಬರ್ಕೊಡಿ" ಎಂದರು ಯಜಮಾನರು. "ನಾನ್ ಹೇಳಿದ್ರೆ ಮೂರು ದಿನ ಜಗಳ ಆಡ್ತಾರೆ. ನೀವು ಬರೆದ್ರೆ ಮುಗೀತು, ಎದುರು ಮಾತಿರಲ್ಲ."

ಬರೆದೆ. ಗುರುವಾರ, ಸಂಜೆ ಐದರ ಸುಮಾರಿಗೆ, ತೇವವಿದ್ದ ಹೊದಿಕೆಯನ್ನು ಹಾಕಲಾಯಿತು; ಗಾಯಕ್ಕೆ ಈ ನಿರ್ಲಕ್ಷ್ಯವೇ ಕಾರಣವೆಂದು ತೋರುತ್ತದೆ. 'ತೋರುತ್ತದೆ' ಎಂಬುದು ನನ್ನ ವೃತ್ತಿಯ ಎಚ್ಚರಿಕೆ. ಓದಿದವರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಯಜಮಾನರು ಕಾಗದದ ಫೋಟೋ ತೆಗೆದು ಸವಾರರ ವಾಟ್ಸಾಪ್ ಗುಂಪಿಗೆ ಹಾಕಿದರು. ಭಾನುವಾರ ನಾನು ಹೋದಾಗ ಆ ಮನುಷ್ಯ ಇರಲಿಲ್ಲ.

ಪಶುವೈದ್ಯೆ ಬಂದದ್ದು ಮಂಗಳವಾರ. ಬೆರಳುಗಳಿಂದ ಎರಡೂ ಬದಿಯನ್ನು ಒತ್ತಿ ನೋಡಿ, "ಎರಡೂ ಕಡೆ ಒಂದೇ ಜಾಗದಲ್ಲಿ ಆಗಿದೆ. ಒದ್ದೆ ಬಟ್ಟೆಯಿಂದ ಹೀಗೆ ಆಗಲ್ಲ ಮೇಡಂ" ಎಂದರು. "ಜೀನು ಕಿರಿದು. ಇದು ಒಂದೆರಡು ದಿನದ್ದಲ್ಲ, ವಾರಗಳಿಂದ ಒತ್ತಿದೆ. ಬೆವರಿನ ಗುರುತಿನ ಮಧ್ಯ ಒಣಗಿದ ಮಚ್ಚೆ ಏನಾದ್ರೂ ಕಾಣ್ತಿತ್ತಾ?"

ನಾನು ಮನೆಗೆ ಬಂದು ದಿನಚರಿ ತೆರೆದೆ. ದಸರೆಗೆ ಮೊದಲಿನ ಬುಧವಾರದ ಪುಟದಲ್ಲಿ ನನ್ನದೇ ಅಕ್ಷರ: 'ಜೀನು ತೆಗೆದಾಗ ಬೆನ್ನೆಲ್ಲ ಬೆವರಿದ್ದರೂ ಎರಡೂ ಬದಿಗೆ ಒಂದೊಂದು ಒಣ ಮಚ್ಚೆ. ಕುತೂಹಲಕರ.' ಬೆವರಿನ ನಡುವೆ ಚರ್ಮ ಒಣಗಿದೆಯೆಂದರೆ ಅಲ್ಲಿ ಒತ್ತಡ ವಿಪರೀತವಾಗಿ ಬೆವರೂ ಹೊರಡುತ್ತಿಲ್ಲವೆಂದು ವೈದ್ಯೆ ಹೇಳಿದ್ದರು. ಮೂರು ದಿನ ಮುಂದಿನ ಪುಟ: 'ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬಂತು. ಹಟ ಹೆಚ್ಚಾಗಿದೆ.' ಆಷಾಢದ ಪುಟಕ್ಕೆ ಹಿಂತಿರುಗಿದೆ. ಜ್ಯೇಷ್ಠದಲ್ಲಿ ಕುದುರೆಗೆ ಜ್ವರ ಬಂದು, ವಾರಗಟ್ಟಲೆ ಕೆಲಸವಿಲ್ಲದೆ ನಿಂತು, ಬೆನ್ನು ಬಡಕಲಾಗಿತ್ತು. ನಾನು ಅಚ್ಚು ತೆಗೆದದ್ದು ಆ ಬಡಕಲು ಬೆನ್ನಿನದು. ಭಾದ್ರಪದ, ಆಶ್ವಯುಜಗಳ ಅಭ್ಯಾಸದಿಂದ ಅದು ಮೈತುಂಬಿಕೊಂಡಿತು. ಜೀನು ಆಷಾಢದಲ್ಲೇ ನಿಂತಿತು. ಕಲ್ಲು ಹಾಗೆ ಮೈತುಂಬಿಕೊಳ್ಳುವುದಿಲ್ಲ.

ಗುರುವಾರದ ಮಳೆಯನ್ನೂ ತಾಳೆ ನೋಡಿದೆ. ಮಳೆ ಬಂದಿತ್ತು, ಹೊದಿಕೆ ಒದ್ದೆಯಾಗಿತ್ತು, ಗಂಟೆ ಐದೇ. ದಿನ ಸರಿಯಿತ್ತು, ಕಾರಣ ತಪ್ಪಾಗಿತ್ತು. ತಿಥಿವಾರಗಳು ಹೊಂದಿದ ಮಾತ್ರಕ್ಕೆ ಶಾಸನದಲ್ಲಿ ಹೇಳಿದ ದಾನ ನಡೆಯಿತೆಂದು ಅರ್ಥವಲ್ಲ ಎಂದು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೆನೋ.

ದಿನಚರಿಯಲ್ಲಿ ಇಲ್ಲದ ಒಂದು ಸಂಗತಿಯೂ ಇದೆ. ದಸರೆಯ ಆಸುಪಾಸಿನಲ್ಲಿ ಒಂದು ದಿನ ಕುದುರೆ ನೋಡಿಕೊಳ್ಳುತ್ತಿದ್ದವರು ನನಗೆ ಹೇಳಿದ್ದರು: "ಮೇಡಂ, ಅವ್ವ ದಪ್ಪ ಆಗವ್ಳೆ. ಜೀನು ಹಿಡೀತಿದೆ. ಇನ್ನೊಂದ್ಸಲ ಅಳತೆ ತೆಗೀರಿ." "ಅಳತೆ ನನ್ನ ಹತ್ರ ಇದೆಯಲ್ಲ" ಎಂದಿದ್ದೆ. ಯಾವ ದಿನವೆಂದು ಎಷ್ಟು ಹುಡುಕಿದರೂ ನಿರ್ಧರಿಸಲಾಗಲಿಲ್ಲ, ಏಕೆಂದರೆ ಬರೆದಿಟ್ಟುಕೊಳ್ಳತಕ್ಕ ಮಾತೆಂದು ನನಗೆ ಅನ್ನಿಸಿರಲಿಲ್ಲ.

ಬುಧವಾರ ಎರಡನೆಯ ಹೇಳಿಕೆ ಬರೆದು ಯಜಮಾನರಿಗೆ ಕೊಟ್ಟೆ. ಓದಿ, "ಅಯ್ಯೋ ಬಿಡಿ ಮೇಡಂ, ಆಗಿದ್ದಾಯ್ತು. ಹೊಸಬನ್ನ ಗೊತ್ತು ಮಾಡಿದೀನಿ" ಎಂದರು. ನಾನು ಎದ್ದು ಹೋಗಲಿಲ್ಲ. ಕೊನೆಗೆ, "ಸರಿ, ಅವರಾಗೇ ಬಂದ್ರೆ ನೋಡೋಣ" ಎಂದು ಹೇಳಿ, ಮೊದಲ ಹೇಳಿಕೆಯನ್ನು ಡ್ರಾಯರಿನಿಂದ ತೆಗೆದು ಎರಡನ್ನೂ ನನ್ನ ಕೈಗೇ ಕೊಟ್ಟರು.

ಎರಡು ಕಾಗದಗಳನ್ನೂ ಹಿಡಿದು ಉಲ್ಲಾಳದ ಬಸ್ಸು ಹತ್ತಿದೆ. ಅವರು ಪಶು ಆಹಾರದ ಅಂಗಡಿಯೊಂದರಲ್ಲಿ ಮೂಟೆ ಇಳಿಸುತ್ತಿದ್ದರು. ನನ್ನನ್ನು ಕಂಡು ಹೆಗಲ ಹೊಟ್ಟು ಕೊಡವಿಕೊಂಡು ಬಂದರು. ಮೊದಲು ಕೇಳಿದ್ದು, "ಅವ್ವಂಗೆ ಹೆಂಗೈತೆ?"

ಗಾಯ ಒಣಗುತ್ತಿದೆಯೆಂದೆ. ಅಂಗಡಿಯ ಮುಂದೆ ನಿಂತೇ ಎರಡನೆಯ ಹೇಳಿಕೆಯನ್ನು ಓದಿ ಹೇಳಿದೆ: ತಪ್ಪು ಜೀನಿನದು, ಜೀನಿನ ಆಯ್ಕೆ ನನ್ನದು, ಎಚ್ಚರಿಸಿದರೂ ನಾನು ಕೇಳಲಿಲ್ಲ. ಅವರು ತಲೆ ತಗ್ಗಿಸಿ ಕೇಳಿದರು.

"ಮೊದಲ್ನೇದು ತಂದಿದೀರಾ?"

ತೋರಿಸಿದೆ.

"ನನ್ ಮಗಳು ಫೋನಲ್ಲಿ ಓದಿದ್ಲು ಇದನ್ನ. ಹರಿದಾಕಿ."

ನಾನು ಹಿಂಜರಿದೆ. ಯಾವ ಬರಹವನ್ನೂ ನಾನು ನಾಶಮಾಡಿದವಳಲ್ಲ. ತಪ್ಪು ಪಾಠವನ್ನು ಉಳಿಸಿಕೊಂಡು ಪಕ್ಕದಲ್ಲಿ ತಿದ್ದುಪಡಿ ಬರೆಯುವುದು ನಾನು ಕಲಿತ, ಕಲಿಸಿದ ಶಿಸ್ತು. "ಇದರ ಮೇಲೇ ತಪ್ಪು ಅಂತ ಬರೆದು ಸಹಿ ಮಾಡ್ತೀನಿ, ಎರಡೂ ಒಟ್ಟಿಗೆ ಇರಲಿ" ಎಂದೆ.

"ಒಟ್ಟಿಗೆ ಇದ್ರೆ ಜನ ಯಾವುದನ್ನ ಮೊದ್ಲು ಓದ್ತಾರೆ ಮೇಡಂ?"

ಹರಿದೆ. ನಾಲ್ಕು ತುಂಡಾಗುವವರೆಗೆ ಅವರು ನೋಡುತ್ತಿದ್ದರು.

"ಫೋನಲ್ಲಿರೋದು?" ಎಂದರು.

ಅಲ್ಲಿಯೇ ನಿಂತು ಎರಡನೆಯ ಹೇಳಿಕೆಯನ್ನು ಗುಂಪಿಗೆ ಹಾಕಿದೆ. ಮೂವರು ಹೆಬ್ಬೆರಳು ಎತ್ತಿದರು. ಒಬ್ಬರು, ಜೀನನ್ನು ಮಾರುವುದಿದ್ದರೆ ತಿಳಿಸಿ ಎಂದು ಬರೆದರು.

ಮರುಭಾನುವಾರ ಅವರು ಲಾಯಕ್ಕೆ ಬಂದರು. ಕೆಲಸಕ್ಕಲ್ಲ, ಕುದುರೆ ನೋಡಲು ಎಂದು ಮೊದಲೇ ಹೇಳಿಬಿಟ್ಟರು. ಗಾಯ ನೋಡಿ, ಹಣೆ ಸವರಿ, ಆಮೇಲೆ ನನ್ನ ಜೀನನ್ನು ತರಲು ಹೇಳಿದರು. ಅದನ್ನು ಅಷ್ಟೇ ಬೆನ್ನಗಲದ ಇನ್ನೊಂದು ಕುದುರೆಯ ಮೇಲಿಟ್ಟರು. ಮುಂಭಾಗದ ಕೆಳಗೆ ನನ್ನ ಬಲಗೈಯನ್ನು ತೂರಿಸಲು ಹೇಳಿ ಪಟ್ಟಿ ಬಿಗಿದರು. ಬೆರಳ ಗೆಣ್ಣುಗಳು ಅದುಮಿಹೋದವು.

"ಎಷ್ಟು ಹೊತ್ತು?" ಎಂದೆ.

"ಅವ್ವ ಏನೂ ಕೇಳ್ಲಿಲ್ಲ ಮೇಡಂ."

ಹಾಗೆಂದವರೇ ಮರುಕ್ಷಣ ಪಟ್ಟಿ ಸಡಿಲಿಸಿದರು. "ಪ್ರತಿ ಸಲ ಹತ್ತೋಕ್ ಮುಂಚೆ ಹಿಂಗೆ ಕೈ ಹಾಕಿ ನೋಡಿ. ಪ್ರತಿ ಸಲ. ನಿನ್ನೆ ಸರಿ ಇತ್ತು ಅಂತ ಬಿಡ್ಬೇಡಿ" ಎಂದು ಹೇಳಿ ಹೊರಟರು. ಯಜಮಾನರು ಗೇಟಿನ ಬಳಿ ನಿಂತು ಏನೋ ಮಾತಾಡಿಸಿದರು. ಇವರು ಕೇಳಿಸಿಕೊಂಡು, ತಲೆ ಅಲ್ಲಾಡಿಸಿ, ಬಸ್ಸಿನ ಕಡೆಗೆ ನಡೆದರು. ಇವತ್ತಿಗೂ ಅವರು ಲಾಯದ ಕೆಲಸಕ್ಕೆ ಮರಳಿಲ್ಲ.

ಕಾರ್ತಿಕದ ಸವಾರಿಗೆ ನಾನು ಹೋಗಲಿಲ್ಲ. ಜೀನು ಮನೆಯ ಅಟ್ಟದಲ್ಲಿದೆ, ಕೇಳಿದವರಿಗೂ ಕೊಡಲಿಲ್ಲ. ಈಗ ಕುದುರೆಯನ್ನು ಹಗ್ಗ ಹಿಡಿದು ನಡೆಸುತ್ತೇನೆ, ಅಷ್ಟೆ. ಗಾಯ ಮಾಗಿದ ಎರಡು ಕಡೆಯೂ ಕಂದು ಕೂದಲಿನ ನಡುವೆ ಬಿಳಿಯ ಕೂದಲು ಹುಟ್ಟಿದೆ. ಅದು ಇನ್ನು ಹೋಗುವುದಿಲ್ಲವೆಂದು ವೈದ್ಯೆ ಹೇಳಿದ್ದಾರೆ. ಲಾಯಕ್ಕೆ ಹೊಸದಾಗಿ ಬಂದವರು ಆ ಗುರುತುಗಳನ್ನು ಕಂಡು, "ಹುಟ್ಟಿನಿಂದಲೇ ಹೀಗಾ ಆಂಟಿ?" ಎಂದು ಕೇಳುತ್ತಾರೆ. ಅಲ್ಲ, ನನ್ನ ಜೀನಿನಿಂದ ಆದದ್ದು ಎನ್ನುತ್ತೇನೆ. ಇದನ್ನು ನೋಡಿಕೊಳ್ಳುತ್ತಿದ್ದವರು ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ ಎಂದು, ಅವರು ಕೇಳದಿದ್ದರೂ ಸೇರಿಸುತ್ತೇನೆ.