ಆಟಿಗೆ ಮೊದಲು ಕೊಡದ ಕಾರು

ಈ ಸಂಗತಿಯನ್ನು ಬರೆಯಬೇಕೆಂದು ಹಲವು ಸಲ ಕುಳಿತಿದ್ದೇನೆ. ಪ್ರತಿ ಸಲವೂ ಏನಾದರೊಂದು ನೆವ ಸಿಕ್ಕಿತು. ಕನ್ನಡಕ ಬದಲಿಸಬೇಕು, ಮೊಮ್ಮಗಳ ಪರೀಕ್ಷೆ ಮುಗಿಯಲಿ, ಮಂಡಿನೋವು ಸ್ವಲ್ಪ ಇಳಿಯಲಿ. ನಿಜ ಹೇಳಬೇಕೆಂದರೆ ನಾಚಿಕೆ. ಕೆಲಸದಲ್ಲಿ ತಪ್ಪಿದವನು ತಪ್ಪನ್ನು ಹೇಳಿಕೊಳ್ಳಬಹುದು. ನಾನು ಕೆಲಸವನ್ನು ನಿಯಮದ ಪ್ರಕಾರವೇ ಮಾಡಿದೆ, ಹಾಗೆ ಮಾಡಿಯೇ ಒಬ್ಬರ ಅನ್ನ ಕಳೆದೆ. ಅದನ್ನು ಹೇಳುವುದು ಹೇಗೆಂದು ಇಷ್ಟು ದಿನ ತಿಳಿಯಲಿಲ್ಲ.

2022ರ ಮಳೆಗಾಲ. ನಾನು ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಒಂದು ಕಾರ್ ಶೋರೂಮಿನ ಡೆಲಿವರಿ ಇನ್‌ಚಾರ್ಜ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ವರ್ಕ್‌ಶಾಪಿನಲ್ಲಿ ಕಾರು ತೊಳೆಯುವುದರಿಂದ ಆರಂಭಿಸಿ ಆ ಕುರ್ಚಿಗೆ ಬಂದವನು. ಮಂಗಳೂರಿನ ಯಾರ್ಡಿನಿಂದ ಬರುವ ಹೊಸ ಕಾರನ್ನು ಗ್ರಾಹಕರಿಗೆ ಕೊಡುವ ಮೊದಲು ಮೂಲೆಮೂಲೆಯೂ ಪರೀಕ್ಷಿಸಬೇಕು. ಬಣ್ಣ, ಬ್ಯಾಟರಿ, ಟಯರು, ಬಾಗಿಲು, ಅಡಿಭಾಗ, ಎಲ್ಲವನ್ನೂ. ಇದಕ್ಕೆ ನಮ್ಮಲ್ಲಿ ಪಿ.ಡಿ.ಐ. ಎನ್ನುತ್ತಾರೆ. ನಾನು ಸಹಿ ಹಾಕದೆ ಒಂದು ಕಾರೂ ಗೇಟು ದಾಟುತ್ತಿರಲಿಲ್ಲ.

ಕೀ ಕೊಡುವಾಗ ರಟ್ಟಿನ ದೊಡ್ಡ ಕೀಲಿಕೈ ಹಿಡಿಸಿ ಫೋಟೋ ತೆಗೆಯುವುದು ಶೋರೂಮಿನ ಪದ್ಧತಿ. ಗೋಡೆ ತುಂಬ ಆ ಫೋಟೋಗಳು. ಎಲ್ಲದರಲ್ಲೂ ನಾನು ಅಂಚಿನಲ್ಲಿ ನಿಂತಿದ್ದೇನೆ, ಕೆಲವುಗಳಲ್ಲಿ ಅರ್ಧ ಮಾತ್ರ. ಸಂಜೆ ಅದೇ ನಾನು ನನ್ನ ಹಳೆಯ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದೆ. ಅದರಲ್ಲಿ ಬೇಸರವೇನೂ ಇರಲಿಲ್ಲ, ಧರಣೇಂದ್ರ ಬರುವ ತನಕ.

ಧರಣೇಂದ್ರ ನಾರಾವಿಯವನು. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಫಸ್ಟ್ ಕ್ಲಾಸ್, ಅವನು ಫೇಲ್. ಆಮೇಲೆ ಮದುವೆಮನೆಗಳಲ್ಲಿ ಹಂಡೆ ತೊಳೆಯಲು ಹೋದ ಎಂದು ಕೇಳಿದ್ದೆ. ಈಗ ಅವನದೇ ಕೇಟರಿಂಗ್. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಯಾವ ದೊಡ್ಡ ಮದುವೆಯಾದರೂ ಊಟ ಅವನದು. ನನ್ನ ಹೆಂಡತಿಯೇ ಒಂದು ಮದುವೆಯಿಂದ ಬಂದು ಆ ಸಾರಿನ ರುಚಿಯನ್ನು ಮೂರು ದಿನ ಹೊಗಳಿದ್ದಳು.

ಅವನು ಶೋರೂಮಿಗೆ ಬಂದು ಟಾಪ್ ಮಾಡೆಲಿನ ಆಟೋಮ್ಯಾಟಿಕ್ ಕಾರಿನಲ್ಲಿ ಕುಳಿತ. ಬಣ್ಣ ಕಡುನೀಲಿ. ಎಂದಾದರೂ ಕೊಂಡರೆ ಆ ಬಣ್ಣದ್ದೇ ಎಂದು ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಕಾರು.

"ಏ ಸಂಜೀವ! ನೀನು ಇಲ್ಲಿಯಾ ಮಾರಾಯ? ಹಾಗಾದ್ರೆ ನನಗೆ ಚಿಂತೆ ಇಲ್ಲ." ಮತ್ತೆ ಪಕ್ಕದಲ್ಲಿದ್ದ ಸೇಲ್ಸ್ ಹುಡುಗಿಯ ಕಡೆಗೆ ತಿರುಗಿ, "ಇವನ ಗಣಿತದ ಪೇಪರ್ ನೋಡಿ ಬರೆದೂ ನಾನು ಫೇಲ್ ಆದವ. ಕಾಪಿ ಮಾಡ್ಲಿಕ್ಕೂ ತಲೆ ಬೇಕಲ್ಲ!" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ತನ್ನನ್ನೇ ಗೇಲಿ ಮಾಡಿಕೊಂಡದ್ದು. ನನ್ನ ಕಿವಿಗೆ ಮಾತ್ರ ಅದು ಬೇರೆಯಾಗಿ ಕೇಳಿತು: ಪಾಸಾದವ ನಿಂತಿದ್ದಾನೆ, ಫೇಲಾದವ ಕೂತಿದ್ದಾನೆ.

"ಕೀ ನೀನೇ ಕೊಡ್ಬೇಕು, ಆಯ್ತಾ?" ಎಂದು ಬೆನ್ನು ತಟ್ಟಿ ಹೋದ. ಆ ಪೆಟ್ಟು ರಾತ್ರಿಯೂ ಬೆನ್ನಿನ ಮೇಲೆ ಇದ್ದಂತಿತ್ತು.

ಆ ವರ್ಷ ಚಿಪ್ ಕೊರತೆಯಿಂದ ಕಾರುಗಳು ಬರುವುದೇ ತಡ. ಧರಣೇಂದ್ರನಿಗೋ ಆಟಿಗೆ ಮೊದಲೇ ಬೇಕಿತ್ತು. ತುಳುನಾಡಿನಲ್ಲಿ ಆಟಿಯೆಂದರೆ ಜುಲೈ ನಡುವಿನಿಂದ ಒಂದು ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ವಾಹನವನ್ನೂ ಮನೆಗೆ ತರುವುದಿಲ್ಲ. ಮದುವೆಯೇ ಇಲ್ಲದ ಮೇಲೆ ಅಡುಗೆಯವನಿಗೆ ವರ್ಷದಲ್ಲಿ ಅದೊಂದೇ ರಜೆ. ಕಾರನ್ನು ಮೊದಲೇ ಮನೆಗೆ ತಂದರೆ ಆಟಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿ ನಾಲ್ಕು ಊರು ಸುತ್ತಬಹುದೆಂಬುದು ಅವನ ಲೆಕ್ಕ. ಸೇಲ್ಸ್ ಹುಡುಗಿ ಆಟಿಗೆ ಮೊದಲು ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದಳು.

ಅವಳು ಬೆಳ್ತಂಗಡಿಯ ಆಚೆ ನೆರಿಯ ಎಂಬ ಊರಿನ ಕಡೆಯವಳು. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ, ಇನ್ನೂ ಖಾಯಂ ಆಗಿರಲಿಲ್ಲ. ಎರಡು ಬಸ್ ಬದಲಿಸಿ ಬರುತ್ತಿದ್ದಳು. ತಂದೆ ಮರದಿಂದ ಬಿದ್ದು ಮನೆಯಲ್ಲಿದ್ದರು, ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು.

"ಸಂಜೀವಣ್ಣ, ಈ ಗಾಡಿ ಆಟಿಗೆ ಮೊದಲು ಹೊರಗೆ ಹೋದ್ರೆ ನನ್ನನ್ನು ಕನ್‌ಫರ್ಮ್ ಮಾಡ್ತೇನೆ ಅಂತ ಮ್ಯಾನೇಜರ್ ಹೇಳಿದ್ದಾರೆ. ಇಲ್ಲದಿದ್ರೆ ಇಲ್ಲ ಅಂತೆ. ನೀವು ಸ್ವಲ್ಪ ನೋಡ್ಬೇಕು."

"ಗಾಡಿ ಬರ್ಲಿ, ನೋಡುವ" ಎಂದೆ.

ಗಾಡಿ ಬಂತು. ಆಟಿಗೆ ಇನ್ನೂ ಒಂದು ವಾರವಿತ್ತು. ನೋಂದಣಿಯ ಕೆಲಸವೂ ಮುಗಿಯಿತು. ಪಿ.ಡಿ.ಐ. ಮಾಡುವಾಗ ಹಿಂದಿನ ಎಡಬಾಗಿಲಿನ ರಬ್ಬರ್ ಬೀಡಿಂಗಿನಲ್ಲಿ ಉಗುರಿನಷ್ಟು ಹರಿದದ್ದು ಕಣ್ಣಿಗೆ ಬಿತ್ತು. ಬಾಗಿಲಿನ ಸುತ್ತ ನೀರು ಒಳಗೆ ಬಾರದಂತೆ ಕೂರಿಸುವ ಪಟ್ಟಿ ಅದು. ಇಂಥದ್ದು ಆಗಾಗ ಇರುತ್ತದೆ. ಶೋರೂಮಿನಲ್ಲಿ ನಿಲ್ಲಿಸಿದ ಡಿಸ್‌ಪ್ಲೇ ಗಾಡಿಯಿಂದ ತೆಗೆದು ಇದಕ್ಕೆ ಹಾಕುತ್ತೇವೆ, ಹೊಸದು ಬಂದಾಗ ಅದಕ್ಕೆ ಕೂರಿಸುತ್ತೇವೆ. ಒಂದು ಚಹಾ ಕುಡಿಯುವಷ್ಟರ ಕೆಲಸ. ನಾನೇ ಎಷ್ಟೋ ಸಲ ಮಾಡಿದ್ದೇನೆ.

ಆ ಸಲ ಮಾಡಲಿಲ್ಲ. 'ಹೋಲ್ಡ್' ಎಂದು ಹಾಕಿ, ಹೊಸ ಬೀಡಿಂಗಿಗೆ ಆರ್ಡರ್ ಕಳಿಸಿದೆ. ಆ ದಿನಗಳಲ್ಲಿ ಒಂದು ಬಿಡಿಭಾಗ ಬರಲು ಎಷ್ಟು ದಿನ ಹಿಡಿಯುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹೇಗಾದರೂ ಆಟಿ ಶುರುವಾಗಿಬಿಟ್ಟರೆ ಸಾಕು, ಬೇಡ ಎನ್ನುವವನು ಗ್ರಾಹಕನೇ. ತಡವಾದದ್ದು ಅವನ ಹೆಸರಿಗೆ ಹೋಗುತ್ತದೆ. ಇಷ್ಟೆಲ್ಲ ಅಂದೇ ಯೋಚಿಸಿದ್ದೆ. ತಿಳಿಯದೆ ಮಾಡಿದೆನೆಂದು ಹೇಳುವಂತಿಲ್ಲ.

ಹುಡುಗಿ ಓಡಿ ಬಂದಳು. "ಡಿಸ್‌ಪ್ಲೇ ಗಾಡಿಯಿಂದ ತೆಗೆದು ಹಾಕುವ ಅಲ್ವಾ ಸಂಜೀವಣ್ಣ? ಮೊನ್ನೆ ಡಾಕ್ಟ್ರ ಗಾಡಿಗೆ ಹಾಗೇ ಮಾಡಿದ್ದಲ್ವಾ?"

"ಹಾಗೆಲ್ಲ ಮಾಡ್ಲಿಕ್ಕಿಲ್ಲ ಮಗಳೇ. ರೂಲ್ಸ್ ಅಂತ ಒಂದು ಉಂಟಲ್ಲ."

ಅವಳು ಮತ್ತೆ ಕೇಳಲಿಲ್ಲ. ನಾನು ಹಿರಿಯ, ನಾನು ಹೇಳಿದರೆ ಕಾರಣ ಇರುತ್ತದೆ ಎಂದು ನಂಬಿದಳು. ಕಡುನೀಲಿ ಕಾರು ಶೆಡ್ಡಿನಲ್ಲಿ ನಿಂತಿತ್ತು. ಆ ವಾರ ದಿನಕ್ಕೊಂದು ಸಲ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಅದು ಅವನ ಅಂಗಳದಲ್ಲಿಲ್ಲ, ನನ್ನ ಕೈಯಲ್ಲಿದೆ ಎಂಬುದೇ ಒಂದು ಸುಖ. ಒಂದು ಮಧ್ಯಾಹ್ನ ಡ್ರೈವರ್ ಸೀಟಿನಲ್ಲಿ ಕುಳಿತು ಬಾಗಿಲನ್ನೂ ಹಾಕಿಕೊಂಡೆ.

ಆಟಿ ಶುರುವಾಗುವ ಹಿಂದಿನ ದಿನ ಧರಣೇಂದ್ರ ಬಂದ. ನನ್ನನ್ನು ನೋಡಲಿಲ್ಲ, ನೇರ ಅವಳ ಮೇಜಿಗೆ ಹೋದ.

"ನೀನು ಹೇಳಿದ ಡೇಟ್ ನಂಬಿ ನಾನು ಹೆಂಡತಿಗೆ ಮಾತು ಕೊಟ್ಟದ್ದು. ಕೊಡ್ಲಿಕ್ಕೆ ಆಗದಿದ್ರೆ ಬಾಯಿ ಯಾಕೆ ಬಿಡುವುದು? ಗಿರಾಕಿ ಹಿಡೀಲಿಕ್ಕೆ ಸುಳ್ಳು ಹೇಳುವುದಾ?"

"ಸರ್, ಬೀಡಿಂಗ್ ಬರ್ಲಿಕ್ಕುಂಟು…"

"ಬೀಡಿಂಗಂತೆ! ನಾಳೆಯಿಂದ ಆಟಿ. ಇನ್ನು ನೀವು ಪುಕ್ಕಟೆ ಕೊಟ್ರೂ ಬೇಡ. ನನ್ನ ಭಾವನ ಬುಕಿಂಗೂ ಕ್ಯಾನ್ಸಲ್ ಮಾಡಿ, ಅವ ಮಂಗಳೂರಿನಲ್ಲಿ ತಗೊಳ್ತಾನೆ."

ಅವಳು ನನ್ನ ಕಡೆ ನೋಡಿದಳು. ಇವರು ನಿಮ್ಮ ಗೆಳೆಯ ಅಲ್ವಾ, ಒಂದು ಮಾತು ಹೇಳಿ ಎಂಬಂತೆ. ನಾನು ಕಂಪ್ಯೂಟರಿನಲ್ಲಿ ಏನನ್ನೋ ಹುಡುಕುತ್ತಿದ್ದೆ.

ಸಂಜೆ ಮ್ಯಾನೇಜರ್ ಕರೆದು ಕೇಳಿದರು. "ಸಂಜೀವಣ್ಣ, ನಿಮ್ಮ ಕಡೆಯಿಂದ ಏನಾದ್ರೂ ಉಂಟಾ?"

"ನನ್ನ ಕಡೆ ಎಲ್ಲ ಸರಿ ಉಂಟು" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಡೇಟ್ ಹೇಳುವ ಮೊದಲು ಅವಳು ನನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು" ಎಂದೂ ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಆ ತಿಂಗಳ ಕೊನೆಗೆ ಅವಳನ್ನು ಬಿಡಿಸಿದರು. ಹೋಗುವಾಗ ಎಲ್ಲರ ಮೇಜಿಗೂ ಬಂದು ಹೇಳಿ ಹೋದಳು, ನನ್ನ ಮೇಜಿಗೂ.

ಆಟಿ ಮುಗಿದ ಮೇಲೆ ಧರಣೇಂದ್ರ ಕಾರು ಕೊಂಡೊಯ್ದ. ಸಿಟ್ಟು ಇಳಿದಿತ್ತು. ಕೀ ನಾನೇ ಕೊಡಬೇಕೆಂದು ಹಟ ಹಿಡಿದು, ಫೋಟೋದಲ್ಲಿ ನನ್ನನ್ನು ನಡುವೆ ಎಳೆದು ನಿಲ್ಲಿಸಿಕೊಂಡ. ನಾನು ನಗಲೇಬೇಕಾಯಿತು.

ನಿವೃತ್ತನಾದ ಮೇಲೆ ಒಂದು ದಿನ ನಾರಾವಿಗೆ ಹೋಗಿ ಅವನಿಗೆ ಎಲ್ಲವನ್ನೂ ಹೇಳಿದೆ. ನೀನು ಕೂತಿದ್ದೆ, ನಾನು ನಿಂತಿದ್ದೆ, ಅದಕ್ಕೆ ಮಾಡಿದೆ ಎಂದೆ. ಬೈಯುತ್ತಾನೆಂದು ತಯಾರಾಗಿಯೇ ಹೋಗಿದ್ದೆ. ಅವನು ಚಹಾದ ಲೋಟವನ್ನು ನನ್ನ ಕಡೆ ಸರಿಸಿದ.

"ಕಾರಿನ ವಿಷಯ ಬಿಡು ಮಾರಾಯ, ಒಂದು ತಿಂಗಳು ಹೆಚ್ಚುಕಡಿಮೆ" ಎಂದ. ಆಮೇಲೆ, "ಹಾಗಾದ್ರೆ ನಾನು ಅವತ್ತು ಬೈದದ್ದು ಯಾರಿಗೆ? ಆ ಹುಡುಗಿಗೆ ಹೇಳಿದ್ಯಾ ನೀನು?" ಎಂದು ಕೇಳಿದ. ನಾನು ಇಲ್ಲವೆಂದೆ. ಅವನು ತನ್ನ ಚಹಾ ಕುಡಿಯದೆ ಎದ್ದುಹೋದ.

ಕಳೆದ ವರ್ಷ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಅವಳೇ ನನ್ನನ್ನು ಗುರುತಿಸಿ ಬಂದಳು. "ಸಂಜೀವಣ್ಣ, ಆರಾಮಾ? ಮಂಡಿನೋವು ಕಡಿಮೆ ಆಯ್ತಾ?" ಬಟ್ಟೆಯಂಗಡಿಯಲ್ಲಿ ಇದ್ದಾಳಂತೆ, ಶೋರೂಮಿನ ಅರ್ಧದಷ್ಟೂ ಸಂಬಳವಿಲ್ಲವಂತೆ. ತಂದೆ ತೀರಿಕೊಂಡರು ಎಂದಳು. ನಗುತ್ತಲೇ ಹೇಳಿದಳು: "ಅವತ್ತು ನನ್ನದೇ ತಪ್ಪು. ನಿಮ್ಮ ಹತ್ರ ಕೇಳದೆ ಡೇಟ್ ಹೇಳ್ಬಾರ್ದಿತ್ತು. ಈಗ ಅಂಗಡಿಯಲ್ಲಿ ಯಾರಾದ್ರೂ ಬ್ಲೌಸ್ ಹೊಲಿಗೆಗೆ ಕೊಟ್ರೂ ನಾನು ಡೇಟ್ ಹೇಳುವುದಿಲ್ಲ."

ಅದು ನನ್ನ ಮಾತು. ಮ್ಯಾನೇಜರ್ ಅವಳನ್ನು ಬಿಡಿಸುವಾಗ ಅದನ್ನೇ ಹೇಳಿರಬೇಕು. ಅವಳು ಅದನ್ನು ತನ್ನ ತಪ್ಪೆಂದು ಇಷ್ಟು ವರ್ಷ ಹೊತ್ತುಕೊಂಡಿದ್ದಾಳೆ. ನಾನು ಬಾಯಿ ತೆರೆದೆ. "ನನ್ನ ಬಸ್ ಬಂತು" ಎಂದೆ. ಎದುರಿಗೆ ನಿಂತ ಬಸ್ಸನ್ನು ಹತ್ತಿಬಿಟ್ಟೆ. ಅದು ಕಾರ್ಕಳಕ್ಕೆ ಹೋಗುವುದು. ನನ್ನ ಮನೆ ಬಂಟ್ವಾಳದಲ್ಲಿ.

ಕೆಲಸ ನನಗೆ ಕಲಿಸಿದ್ದು ಇಷ್ಟು: ನಿಯಮವನ್ನು ಯಾವ ಗಳಿಗೆಯಲ್ಲಿ ನೆನಪಿಸಿಕೊಳ್ಳುತ್ತೇವೆ ಎಂಬುದನ್ನು ನೋಡಿಕೊಳ್ಳಬೇಕು. ಎಂದೂ ಇಲ್ಲದ ರೂಲ್ಸು ಒಬ್ಬರ ಗಾಡಿಗೆ ಮಾತ್ರ ನೆನಪಾದರೆ, ಆ ಗಾಡಿಯನ್ನು ಬಿಟ್ಟು ನಮ್ಮ ಹೊಟ್ಟೆಯೊಳಗೆ ಹುಡುಕಬೇಕು. ಅಲ್ಲಿದ್ದ ಕಿಚ್ಚು ನನ್ನನ್ನೂ ಸುಡಲಿಲ್ಲ, ಧರಣೇಂದ್ರನನ್ನೂ ಸುಡಲಿಲ್ಲ. ನಡುವೆ ನಿಂತವಳನ್ನು ಸುಟ್ಟಿತು. ಅವನ ಹತ್ತಿರ ಕ್ಷಮೆ ಕೇಳುವುದು ಸುಲಭವಾಯಿತು, ಅವನು ಕಳೆದುಕೊಂಡದ್ದು ಏನೂ ಇರಲಿಲ್ಲ. ಕೇಳಬೇಕಾದವಳ ಹತ್ತಿರ ಈವರೆಗೆ ಕೇಳಿಲ್ಲ. ಅವಳ ಹೆಸರು ನಮಿತಾ.