ರಮಾನಾಥ ಆಚಾರ್ಯರ ಸಾಗುವಾನಿ ಜಾಲರಿ

ಇಪ್ಪತ್ತಾರು ವರ್ಷ ಬಹರೈನಿನಲ್ಲಿ ಬಡಗಿ ಕೆಲಸ ಮಾಡಿದ ಕಾರ್ಕಳದ ರಮಾನಾಥ ಆಚಾರ್ಯರಿಗೆ ಇಂಜಿನಿಯರುಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಬಹರೈನಿನ ಪೇಟೆಗಳ ಅಂದ ಕೆಡಬಾರದೆಂದು ಹೊಸ ನಿಯಮ ಬಂದಿತ್ತು: ಬೀದಿಗೆ ಮುಖ ಮಾಡಿದ ಕಿಟಕಿಗಳಿಗೆಲ್ಲ ನಿಜವಾದ ಮರದ ಜಾಲರಿಯೇ ಇರಬೇಕು. ಒಳ್ಳೆಯ ನಿಯಮವೇ. ರಮಾನಾಥರು ಸಾಗುವಾನಿಯಲ್ಲಿ ಒಂದು ಮಾದರಿ ಜಾಲರಿ ಮಾಡಿ ಕಿಟಕಿಗೆ ಕೂರಿಸಿದರು. ನಗರಸಭೆಯ ಅಧಿಕಾರಿ ಬಂದು ಅದನ್ನು ಸವರಿ, ಫೋಟೋ ಹೊಡೆದು, ಸಹಿ ಹಾಕಿದ. ಅವನ ಕಾರು ತಿರುವು ದಾಟಿದ್ದೇ ತಡ, ಕಂಪನಿಯ ಇಂಜಿನಿಯರುಗಳು ಜಾಲರಿಯನ್ನು ಬಿಚ್ಚಿಸಿ ಮುಂದಿನ ಕಟ್ಟಡಕ್ಕೆ ಸಾಗಿಸಿದರು. ಮೊದಲ ಕಟ್ಟಡಕ್ಕೆ ಪೂರ್ತಿ ಪ್ಲಾಸ್ಟಿಕ್ಕು. ಹೀಗೆ ಒಂದೇ ಜಾಲರಿ ಆರು ಕಟ್ಟಡಗಳಿಗೆ ಸಹಿ ತಂದುಕೊಟ್ಟಿತು. ನಾಚಿಕೆಗೆಟ್ಟವರು!

ಮುಂದಿನ ತಿಂಗಳು ರಮಾನಾಥರ ವೀಸಾ ಮುಗಿಯುವುದರಲ್ಲಿತ್ತು. ಊರಿಗೆ ಹೊರಡುವ ಮೊದಲು ತನ್ನ ಕೈಕೆಲಸ ಒಂದಾದರೂ ಇಲ್ಲಿಯ ಗೋಡೆಯಲ್ಲಿ ಉಳಿಯಲೇಬೇಕೆಂಬ ಹಟ ಅವರಿಗೆ ಹಿಡಿಯಿತು. ಏಳನೆಯ ಕಟ್ಟಡ ಸೀಫ್ ಎಂಬ ಬಡಾವಣೆಯಲ್ಲಿ. ಅಲ್ಲಿ ಅವರು ಸ್ಕ್ರೂ ಮುಟ್ಟಲಿಲ್ಲ. ಊರಿನಲ್ಲಿ ಬಾಗಿಲಿನ ದಾರಂದ ಕೂರಿಸುವ ಹಾಗೆ ಚೌಕಟ್ಟಿನ ತುದಿಗಳನ್ನು ಗೋಡೆಯೊಳಕ್ಕೆ ತೂರಿಸಿ ಸಿಮೆಂಟು ತುಂಬಿದರು. ಅಧಿಕಾರಿ ಎಂದಿನಂತೆ ಸಹಿ ಹಾಕಿ ಹೋದ.

"ಇದೇನ್ರೀ ರಮಾನಾಥ್, ಅಲ್ಲಾಡ್ತಾನೇ ಇಲ್ಲ!" ಎಂದು ಬೆಂಗಳೂರಿನ ಇಂಜಿನಿಯರ್ ನವನೀತ್ ಕಿರುಚಿದ. "ನಾಳೆ ಹಮದ್ ಟೌನಲ್ಲಿ ಇನ್‌ಸ್ಪೆಕ್ಷನ್ ಇದೆ."

"ಗೋಡೆ ಒಡೀಬೇಕಷ್ಟೆ ಸರ್. ಬೇರೆ ಎಂತ ಮಾಡ್ಲಿಕ್ಕೂ ಆಗುದಿಲ್ಲ."

"ಬೇಕಂತ್ಲೇ ಮಾಡಿದೀರಾ?"

"ಹೌದು."

ನವನೀತ್ ಹಲ್ಲು ಕಡಿದ. ಗೋಡೆ ಒಡೆದರೂ ಇಡಿಯಾಗಿ ಹೊರಬಾರದ ಜಾಲರಿಯಿಂದ ಅವನಿಗೇನು ಲಾಭ? ಉಳಿದ ಮೂವತ್ತೊಂಬತ್ತು ಕಿಟಕಿಗಳಿಗೆ ಪ್ಲಾಸ್ಟಿಕ್ ಹೊಡೆಸಿ, ಅವಕ್ಕೆ ಹೊಂದುವಂಥ ದಪ್ಪ ಕಂದು ಬಣ್ಣವನ್ನು ಸಾಗುವಾನಿಗೂ ಬಳಿಸಿಬಿಟ್ಟ. ಎಳೆ ಎಳೆಯಾಗಿ ಕಾಣುತ್ತಿದ್ದ ಮರ ಮುಚ್ಚಿಹೋಯಿತು.

ಸೀಫಿನ ಕಟ್ಟಡದ ಕೊನೆಯ ತಪಾಸಣೆಯ ದಿನ ಬೇರೊಬ್ಬ ಅಧಿಕಾರಿ ಬಂದ. ಕೆಳಗೆ ನಿಂತು ಕತ್ತೆತ್ತಿ ಕಿಟಕಿಗಳನ್ನು ಎಣಿಸಿ, ಎಲ್ಲವೂ ಸೊಗಸಾಗಿ ಒಂದೇ ಥರ ಇವೆ ಎಂದ. ರಮಾನಾಥರಿಗೆ ಇನ್ನು ತಡೆಯಲಾಗಲಿಲ್ಲ. ಸರಸರನೆ ಏಣಿ ಹತ್ತಿ, ಉಳಿಯಿಂದ ಬಣ್ಣವನ್ನು ಕೆರೆಯತೊಡಗಿದರು. ಹೊಂಬಣ್ಣದ ಮರ ಅಂಗೈಯಗಲ ಕಂಡಿತು.

"ಸಾಬ್, ಯೇ ಅಸಲಿ ಲಕ್ಡಿ ಹೈ! ಬಾಕಿ ಸಬ್ ಪ್ಲಾಸ್ಟಿಕ್!" ಇದೊಂದೇ ನಿಜವಾದ ಮರವೆಂದು ಮೇಲಿನಿಂದ ಹಿಂದಿಯಲ್ಲಿ ಕೂಗಿದರು.

ಅಧಿಕಾರಿ ಒಮ್ಮೆ ಆ ಕಿಟಕಿಯನ್ನು, ಒಮ್ಮೆ ನವನೀತನನ್ನು ನೋಡಿದ. ಮುದುಕನಿಗೆ ಊರಿಗೆ ಹೋಗುವ ಚಿಂತೆ, ತಲೆ ಸರಿಯಿಲ್ಲ ಎಂದ ನವನೀತ್. ಅಧಿಕಾರಿ ತಲೆದೂಗಿ ವರದಿ ಬರೆದ: ಮೂವತ್ತೊಂಬತ್ತು ಜಾಲರಿಗಳು ಉತ್ತಮ. ಒಂದು ಕೆಟ್ಟಿದೆ, ಕಿತ್ತು ಬೇರೆ ಹಾಕುವುದು.

ಅವನ ಕಾರು ಹೊರಡುವ ಮೊದಲೇ ನವನೀತ್ ಸಾಗುವಾನಿಯನ್ನು ಕೊಯ್ಯಲು ಕಟ್ಟರ್ ತರಿಸಿದ.