ಕೋರ್ಟಿಗೆ ಹೋದ ಗೋಡೆ

ನಮ್ಮ ಅತ್ತೆ ಚೌಡಮ್ಮನವರು ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದರು. ಮಳೆ ಬಂದು ನಿಂತ ಮಾರನೆಯ ಬೆಳಿಗ್ಗೆ ಕೆಳಗಿನ ಹೊಲಕ್ಕೆ ಹೋಗಿ, ಬದುವಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಳ್ಳುವರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇದ್ದು, ಉಗಿದು, "ಬಂದೈತೆ" ಅನ್ನುವರು. ಬಾರದಿದ್ದರೆ ಏನೂ ಅನ್ನದೆ ಎದ್ದು ಕಳೆ ಕೀಳಲು ಹೋಗುವರು. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ ನನಗೆ ಹೆದರಿಕೆಯಾಗಿತ್ತು. ಏನು ಬಂದಿದೆ ಎಂದು ಕೇಳುವ ಧೈರ್ಯವೂ ಇರಲಿಲ್ಲ.

ಮಕ್ಕಳೇ, ನೀವು ಹುಟ್ಟುವ ಹೊತ್ತಿಗೆ ಆ ಗಿರಣಿ ಮುಚ್ಚಿಹೋಗಿತ್ತು. ಊರಿಗಾಂ ಚಿನ್ನದ ಗಣಿಯ ಕಡೆಯಿಂದ ಗಾಡಿಗಳಲ್ಲಿ ಹಳೆಯ ಮರಳು ತರಿಸಿ, ಅದನ್ನು ಮತ್ತೆ ತೊಳೆದು, ಉಳಿದ ಚೂರುಪಾರು ಚಿನ್ನ ತೆಗೆಯುತ್ತಿದ್ದ ಸಣ್ಣ ಗಿರಣಿ ಅದು. ಚಿನ್ನ ಬಿಡಿಸಲು ಸೈನೈಡು ಎಂಬ ವಿಷ ಹಾಕುತ್ತಿದ್ದರು. ತೊಳೆದು ಬಿಟ್ಟ ಬೂದು ಬಣ್ಣದ ಮರಳು ನಮ್ಮ ಹೊಲದ ಮೇಲುಗಡೆ ದಿಬ್ಬವಾಗಿ ಬೆಳೆದಿತ್ತು. ಅದು ಜಾರದಂತೆ ಸುತ್ತ ಒಂದು ಮಣ್ಣಿನ ಕಟ್ಟೆ. ಆ ಕಟ್ಟೆಯನ್ನು ಮಳೆಗಾಲಕ್ಕೆ ಮುಂಚೆ ಮೆತ್ತಿ ಭದ್ರ ಮಾಡಿದರೆ ಸಾಕಿತ್ತು. ಅವರು ಮಾಡುತ್ತಿರಲಿಲ್ಲ. ಜೋರು ಮಳೆ ಬಂದಾಗಲೆಲ್ಲ ಕಟ್ಟೆ ಒಡೆದು ಬೂದುನೀರು ನಮ್ಮ ಹೊಲಕ್ಕೆ ಇಳಿಯುತ್ತಿತ್ತು. ಅತ್ತೆ ನಾಲಿಗೆಯ ಮೇಲೆ ಹುಡುಕುತ್ತಿದ್ದದ್ದು ಅದನ್ನೇ. ಮೊದಲು ಒಂದು ಮೂಲೆಯಲ್ಲಿ ರಾಗಿ ಏಳಲಿಲ್ಲ. ನಾನು ಬರುವ ಹೊತ್ತಿಗೆ ಅರ್ಧ ಹೊಲ ಬೋಳಾಗಿತ್ತು. ಇನ್ನರ್ಧವೂ ಹೋದರೆ ನಮಗೆ ಬೇರೆ ನೆಲವಿರಲಿಲ್ಲ.

ಒಂದು ಆಷಾಢದಲ್ಲಿ ನಮ್ಮ ಕೆಂದ ಹಸು ಆ ಬೂದುನೀರು ಹರಿದಿದ್ದ ಕಾಲುವೆಯಲ್ಲಿ ಕುಡಿದು, ಹತ್ತು ಹೆಜ್ಜೆ ನಡೆದು, ಮುಂಗಾಲು ಮಡಿಸಿ ಬಿದ್ದು ಪ್ರಾಣ ಬಿಟ್ಟಿತು. ಅತ್ತೆ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಂಜೀ, ನಡಿ. ನಿಂಗೆ ಓದಾಕೆ ಬತ್ತದೆ" ಎಂದರು. ಊರ ಮಠದಲ್ಲಿ ನಾಲ್ಕು ವರ್ಷ ಅಕ್ಷರ ತಿದ್ದಿದ್ದೆ, ಅಷ್ಟೇ. ಗಂಡಸರೆದುರು ತಲೆ ಎತ್ತಿದವಳಲ್ಲ. ಅವರ ಹಿಂದೆ ಹಿಂದೆ ನಡೆದೆ.

ಗಿರಣಿಯ ಗುಮಾಸ್ತ ಕುರ್ಚಿಯಿಂದ ಏಳಲಿಲ್ಲ. "ಏನಮ್ಮಾ, ಹಸೂನ ಕಟ್ಟಾಕ್ಕೋಬೇಕಾಗಿತ್ತು. ನಮ್ ನೀರು ಕುಡಿ ಅಂತ ನಾವೇನು ಕರೆದ್ವಾ?"

"ನಿನ್ ನೀರು ನಮ್ ಒಲಕ್ಕೆ ಬಾ ಅಂತ ನಾನೇನು ಕರುದ್ನೇನಪ್ಪಾ?" ಎಂದರು ಅತ್ತೆ.

ಅವನು ಒಂದು ಕಾಗದ ಮುಂದೆ ತಳ್ಳಿದ. ಹಸುವಿಗೆ ಬದಲಾಗಿ ಏನೋ ಕೊಡುತ್ತಾರಂತೆ, ಹೆಬ್ಬೆಟ್ಟು ಒತ್ತಬೇಕಂತೆ. ಅತ್ತೆಯ ಹೆಬ್ಬೆರಳಿಗೆ ಮಸಿಯನ್ನೂ ಬಳಿದುಬಿಟ್ಟ. ಅತ್ತೆ ನನ್ನ ಕಡೆ ನೋಡಿದರು. ಅಕ್ಷರ ಅಕ್ಷರ ಕೂಡಿಸಿ ಓದಿದೆ: "ಹಿಂದೆ ಆಗಿರುವ ಮತ್ತು ಮುಂದೆ ಆಗಬಹುದಾದ ಯಾವ ನಷ್ಟಕ್ಕೂ ತಕರಾರು ಇರುವುದಿಲ್ಲ."

"ಮುಂದೆ ಆಗೋದಾ?" ಅತ್ತೆ ಬೆರಳು ಹಿಂದಕ್ಕೆ ತೆಗೆದುಕೊಂಡರು. "ಅಂಗಂದ್ರೆ ಮುಂದೂ ಬತ್ತದೆ ಅಂತ ನಿಮ್ಗೆ ಗೊತ್ತೈತೆ. ಗೊತ್ತಿದ್ದೂ ಕಟ್ಟೆ ಕಟ್ಟಲ್ಲ." ಮಸಿಯನ್ನು ತಮ್ಮ ಸೆರಗಿಗೇ ಒರೆಸಿಕೊಂಡು ಹೊರಟರು. ಆ ಕಲೆ ಎಷ್ಟು ಒಗೆದರೂ ಹೋಗಲಿಲ್ಲ.

ಅತ್ತೆ ದಾವೆ ಹಾಕುತ್ತೇನೆ ಎಂದಾಗ ನಿಮ್ಮ ತಾತ ಊಟದ ಮುಂದಿನಿಂದ ಎದ್ದುಬಿಟ್ಟರು. ಅವರು ಗಣಿಯಲ್ಲಿ ಭೂಮಿಯೊಳಗಿನ ಕೆಲಸದವರು. "ಅವ್ವಾ, ಬಿಟ್ಬಿಡು. ಈ ದೊರೆಗೋಳೆಲ್ಲ ಒಂದೇ ಕಣವ್ವ. ನನ್ ಕೆಲ್ಸನೂ ಓಯ್ತದೆ."

"ನೀನು ಬರ್ಬ್ಯಾಡ ಕಣ್ಲಾ. ನಾವ್ ಎಂಗಸ್ರು ಓಗಿ ಬತ್ತೀವಿ. ನಮ್ಮನ್ಯಾವ ಕೆಲ್ಸದಿಂದ ತೆಗೀತಾರೆ?"

ಹೀಗೆ ನಾವಿಬ್ಬರೇ ಮಾರಿಕುಪ್ಪಂ ರೈಲಿನಲ್ಲಿ ಬೌರಿಂಗ್‌ಪೇಟೆಗೆ ಓಡಾಡತೊಡಗಿದೆವು. ಈಗಿನ ಬಂಗಾರಪೇಟೆಯೇ ಅದು. ನಮ್ಮ ವಕೀಲರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಸ್ವಲ್ಪ ಅಂಜುಬುರುಕರು. ವಿಚಾರಣೆಯ ದಿನ ಕೋರ್ಟಿನ ಹೊರಗಿನ ಹುಣಸೆಮರದ ಕೆಳಗೆ ಅತ್ತೆಗೆ ಹೇಳಿಕೊಟ್ಟರು: "ಅಮ್ಮಾ, ತೊಂದರೆ ಶುರುವಾಗಿ ಇಷ್ಟು ವರ್ಷದೊಳಗೆ ದಾವೆ ಹಾಕಬೇಕು ಅಂತ ಕಾಯಿದೆ ಇದೆ. ಅದು ದಾಟಿದರೆ ಕೋರ್ಟು ಕೇಳೋದಿಲ್ಲ. ಯಾವಾಗ ಬಂತು ಅಂದರೆ, ಹೋದ ಮುಂಗಾರಿನಲ್ಲಿ ಬಂತು ಅನ್ನಿ. ಅದಕ್ಕೆ ಮುಂಚಿನದು ಎತ್ತಲೇಬೇಡಿ."

"ಓದ ಮುಂಗಾರಲ್ಲಿ ಬಂದಿದ್ದು ದಿಟವೇ" ಎಂದರು ಅತ್ತೆ. ಒಪ್ಪಿದರೆಂದು ವಕೀಲರು ತಿಳಿದರು. ನಾನೂ ಹಾಗೆಯೇ ತಿಳಿದೆ.

ಕಟಕಟೆಯಲ್ಲಿ ಗಿರಣಿಯ ಕಡೆಯ ವಕೀಲರು ಬಹಳ ಮೆತ್ತಗೆ ಕೇಳಿದರು. "ಚೌಡಮ್ಮ, ನೀವು ದೇವರ ಮೇಲೆ ಪ್ರಮಾಣ ಮಾಡಿದ್ದೀರಿ. ನಿಮ್ಮ ಹೊಲಕ್ಕೆ ಈ ನೀರು ಮೊಟ್ಟಮೊದಲ ಸಲ ಬಂದದ್ದು ಯಾವಾಗ?"

ಅತ್ತೆ ನಮ್ಮ ವಕೀಲರನ್ನು ನೋಡಿದರು, ನನ್ನನ್ನು ನೋಡಿದರು.

"ಅನ್ನೊಂದು ವರ್ಸ ಆಯ್ತು ಸ್ವಾಮಿ."

ನಮ್ಮ ವಕೀಲರು ಬರೆಯುತ್ತಿದ್ದ ಸೀಸದ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಆ ಕಡೆಯವರು ನಗುತ್ತಾ, "ನನ್ನ ಪ್ರಶ್ನೆ ಮುಗಿಯಿತು" ಎಂದು ಕೂತರು. ಮುನ್ಸೀಫರು, ಅಂದರೆ ಕೋರ್ಟಿನ ನ್ಯಾಯಾಧಿಪತಿಗಳು, ತಲೆ ತಗ್ಗಿಸಿ ಬರೆಯತೊಡಗಿದರು. ಹೊಲ ಹೋಯಿತು ಅಂದುಕೊಂಡೆ. ಜವಾನ ಇಳಿಯಿರಿ ಎಂದು ಕೈ ಮಾಡಿದರೂ ಅತ್ತೆ ಇಳಿಯಲಿಲ್ಲ.

"ಸ್ವಾಮಿ, ಮೊದಲ್ನೇ ಸಲ ಯಾವಾಗ ಅಂತ ಕೇಳಿದ್ರು, ಯೋಳ್ದೆ. ಕಡೇ ಸಲ ಯಾವಾಗ ಅಂತ ಯಾರೂ ಕೇಳ್ಲಿಲ್ಲ."

ಮುನ್ಸೀಫರು ತಲೆ ಎತ್ತಿದರು. "ಯಾವಾಗ?"

"ಮೊನ್ನೆ ಸೋಮಾರ."

ಅತ್ತೆ ಕಟಕಟೆಯ ಮರ ಹಿಡಿದುಕೊಂಡು ಮುಂದುವರಿಸಿದರು. "ಒಬ್ಬ ಬಂದು ನಂಗೆ ದಿನಾ ಒಂದೇಟು ಒಡೀತಾನೆ ಅಂದ್ಕೊಳಿ. ಮೊದ್ಲೇಟು ಬಿದ್ದು ಅನ್ನೊಂದು ವರ್ಸ ಆಯ್ತು, ಅದ್ಕೆ ಇವತ್ತಿಂದೂ ಕೇಳಂಗಿಲ್ಲ ಅಂದ್ರೆ ಎಂಗೆ ಸ್ವಾಮಿ? ಆ ಏಟು ಬ್ಯಾರೆ, ಈ ಏಟು ಬ್ಯಾರೆ."

"ಪ್ರತಿ ಸಲವೂ ಹೊಸದಾಗಿ ಬಂತು ಅನ್ನೋದಕ್ಕೆ ಸಾಕ್ಷಿ ಯಾರಮ್ಮ?"

"ನಮ್ಮನೆ ಇತ್ತಲ ಗೋಡೆ."

ಕೋರ್ಟಿಗೆ ಕೋರ್ಟೇ ನಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುನ್ಸೀಫರು ಮಾತ್ರ ನಗಲಿಲ್ಲ. "ಗೋಡೆಯನ್ನು ಕರೆತರೋಕಾಗುತ್ತಾ?" ಎಂದರು. "ತತ್ತೀನಿ" ಎಂದರು ಅತ್ತೆ. ಮುಂದಿನ ವಾಯಿದೆ ಸಿಕ್ಕಿತು.

ಆ ಗೋಡೆಯ ವಿಷಯ ಇಷ್ಟು. ಬೂದುನೀರು ಒಣಗಿದ ಮೇಲೆ ಹೊಲದಲ್ಲಿ ಉಳಿದ ಮಣ್ಣನ್ನು ಅತ್ತೆ ಕೆರೆದು ತರುತ್ತಿದ್ದರು. ಅದು ಸೇರಿದ ಮಣ್ಣಿಗೆ ಗೆದ್ದಲು ಹತ್ತುತ್ತಿರಲಿಲ್ಲ, ಅದಕ್ಕೆ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಆ ಮಣ್ಣನ್ನು ಕಲಸಿ ಹಿತ್ತಲ ಗೋಡೆಗೆ ಮೆತ್ತುವರು. ಯುಗಾದಿಗೆ ಅದರ ಮೇಲೆ ಕೆಮ್ಮಣ್ಣು ಬಳಿಯುವರು. ಹಳೆಯದನ್ನು ಎಂದೂ ಕೆರೆದು ತೆಗೆದವರಲ್ಲ. ಗೋಡೆ ವರ್ಷ ವರ್ಷವೂ ದಪ್ಪವಾಗುತ್ತಾ ಬಂದಿತ್ತು.

ಹಾರೆಯಿಂದ ಬಹಳ ಹುಷಾರಾಗಿ ಒಂದು ಹೆಂಟೆ ಬಿಡಿಸಿಕೊಂಡೆವು. ತಲೆದಿಂಬಿನಷ್ಟು ದೊಡ್ಡದು. ಹಳೆಯ ಸೀರೆಯಲ್ಲಿ ಸುತ್ತಿ ಮಂಕರಿಯಲ್ಲಿಟ್ಟೆವು. ರೈಲಿನಲ್ಲಿ ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಗಾಡಿ ಕುಲುಕಿದಾಗಲೆಲ್ಲ ಒಳಗಿನಿಂದ ಪುಡಿ ಉದುರುವ ಸದ್ದು ಕೇಳುತ್ತಿತ್ತು. ಎದುರಿಗೆ ಕೂತಿದ್ದ ತಮಿಳು ಹೆಂಗಸು, "ಎನ್ನಮ್ಮಾ, ಕೊಳಂದೆಯಾ?" ಎಂದು ಕೇಳಿ, ಮಗುವೆಂದೇ ತಿಳಿದು ಬಟ್ಟೆ ಸರಿಸಲು ಕೈ ಚಾಚಿದಳು. "ಮುಟ್ಬ್ಯಾಡ ತಾಯಿ, ಉಸಾರಿಲ್ಲ" ಎಂದರು ಅತ್ತೆ. ಬೌರಿಂಗ್‌ಪೇಟೆ ಬರುವವರೆಗೂ ಅವಳು ಅಯ್ಯೋ ಪಾಪ ಎನ್ನುತ್ತಾ ಸೆರಗಿನಿಂದ ಮಂಕರಿಗೆ ಗಾಳಿ ಹಾಕಿದಳು. ಅತ್ತೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು. ಹೊಟ್ಟೆ ಮಾತ್ರ ಅಲುಗುತ್ತಿತ್ತು.

ಕೋರ್ಟಿನ ಮೇಜಿನ ಮೇಲೆ ಬಟ್ಟೆ ಬಿಚ್ಚಿದಾಗ ಹೆಂಟೆ ಎರಡು ಹೋಳಾಗಿತ್ತು. ಆದರೆ ಒಡೆದ ಮೈಯಲ್ಲಿ ಗೆರೆಗಳು ಇನ್ನೂ ಚೆನ್ನಾಗಿ ಕಾಣುತ್ತಿದ್ದವು. ಕೆಂಪು, ಬೂದು, ಕೆಂಪು, ಬೂದು. ಮುನ್ಸೀಫರು ಕನ್ನಡಕ ಸರಿಮಾಡಿಕೊಂಡು, ಸೀಸದ ಕಡ್ಡಿಯ ತುದಿಯಿಂದ ಒಂದೊಂದೇ ಗೆರೆ ಎಣಿಸುತ್ತಾ ಹೋದರು. ನಡುವೆ ಒಂದು ಕಡೆ ನಿಂತರು.

"ಇಲ್ಲಿ ಬೂದು ಇಲ್ಲವಲ್ಲ. ಬರೀ ಕೆಂಪು, ದಪ್ಪಗಿದೆ."

"ಅದು ಎರಡು ವರ್ಸದ್ದು ಸ್ವಾಮಿ. ಆಗ ಗಿರಣೀಲಿ ಒಬ್ಬ ಮೇಸ್ತ್ರಿ ಇದ್ದ. ಮಳೆಗೆ ಮುಂಚೆ ಕಟ್ಟೆ ಮೆತ್ತಿಸ್ತಿದ್ದ. ನೀರು ಬರ್ಲಿಲ್ಲ, ಒಲದ ಮಣ್ಣು ಕೆಂಪಗೇ ಇತ್ತು. ಆಮ್ಯಾಕೆ ಅವನನ್ನ ಬಿಡಿಸಿದ್ರು."

ಮುನ್ಸೀಫರು ಗಿರಣಿಯ ವಕೀಲರ ಕಡೆ ನೋಡಿದರು. ಅವರು ಎದ್ದು, ಈ ಮುದುಕಿ ಹೋದ ವಾರ ಕೂತು ಮೆತ್ತಿ ತಂದಿರಬಹುದಲ್ಲ ಎಂದರು.

"ಅಂಗಾದ್ರೆ ನೀವೇ ಬಂದು ಎಲ್ಲಿ ಬೇಕೋ ಅಲ್ಲಿ ಅಗುದು ನೋಡಿ ಸ್ವಾಮಿ. ಮಜ್ಜಿಗೆ ಕೊಡಾಣ ಅಂದ್ರೆ ಅಸ ಇಲ್ಲ, ನೀರ್ ಕೊಡ್ತೀನಿ. ಬಾವಿ ನೀರೇ, ಎದ್ರಕೋಬ್ಯಾಡಿ."

ಕೋರ್ಟಿನ ಅಮೀನರು ಬಂದು, ಗಿರಣಿಯವರು ಬೆರಳು ತೋರಿಸಿದ ಮೂರು ಕಡೆಯಲ್ಲಿ ಗೋಡೆ ಅಗೆಸಿದರು. ಮೂರು ಕಡೆಯೂ ಅದೇ ಗೆರೆಗಳು, ಅದೇ ದಪ್ಪ ಕೆಂಪು. ಗೋಡೆ ಅರ್ಧ ಉರುಳಿಹೋಯಿತು. ಅವರು ಅಗೆಯುವಾಗ ಅತ್ತೆ ಜಗುಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದರು. ಮೊರದಿಂದ ರಾಗಿಯೆಲ್ಲ ನೆಲಕ್ಕೆ ಚೆಲ್ಲುತ್ತಿದ್ದುದನ್ನು ನಾನೊಬ್ಬಳೇ ನೋಡಿದೆ.

ತೀರ್ಪು ಪೂರ್ತಿ ನಮ್ಮ ಕಡೆಗೆ ಆಗಲಿಲ್ಲ. ಕಾಲ ಮೀರಿದ ವರ್ಷಗಳದ್ದು ಹೋಯಿತು, ಸತ್ತ ನೆಲ ಸತ್ತೇ ಇತ್ತು. ಆದರೆ ಗಿರಣಿಯವರು ಮಾಡಬೇಕಾದ್ದನ್ನು ಮಾಡದೆ ಬಿಟ್ಟಿರುವಷ್ಟು ದಿನವೂ ತೊಂದರೆ ಹೊಸದೇ, ದಾವೆಯೂ ಹೊಸದೇ ಎಂದು ಬರೆದಿದ್ದರು. ಪ್ರತಿ ವರ್ಷ ಮಳೆಗೆ ಮುಂಚೆ ಕಟ್ಟೆ ಭದ್ರ ಮಾಡಬೇಕೆಂದು ಅಪ್ಪಣೆಯಾಯಿತು. ಆ ಸಾಲುಗಳನ್ನು ಅತ್ತೆ ನನ್ನಿಂದ ನಾಲ್ಕು ಸಲ ಓದಿಸಿದರು. ಸಂತೋಷವಾಯಿತೇ ಎಂದು ಕೇಳಿದ್ದಕ್ಕೆ, "ಕಾಗದ ನೀರು ತಡೀತದೇನೇ ಉಡುಗಿ?" ಎಂದರು.

ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯ ಕೊನೆಯಲ್ಲಿ, ಗಿರಣಿಯ ಆಳುಗಳು ಕಟ್ಟೆ ಮೆತ್ತುವ ದಿನ ಅತ್ತೆ ಅಲ್ಲಿಗೆ ಹೋಗುತ್ತಿದ್ದರು. ಈ ತುದಿಯಿಂದ ಆ ತುದಿಗೆ ಕಟ್ಟೆಯ ಮೇಲೆ ನಡೆದು, ಮೆತ್ತಗಿದ್ದ ಕಡೆ ನಿಂತು ಬಾಯಿಗೆ ಬಂದಂತೆ ಬೈದು, ಅಲ್ಲಿಗೆ ಮಣ್ಣು ಹಾಕಿಸಿ, ಆಮೇಲೆ ಮನೆಗೆ ಬರುವರು. ಆರು ವರ್ಷ ಹೀಗೆ ನಡೆಯಿತು. ಉಳಿದರ್ಧ ಹೊಲ ಉಳಿಯಿತು. ನಿಮ್ಮ ಅಪ್ಪಂದಿರು ಉಂಡು ಬೆಳೆದ ರಾಗಿ ಅಲ್ಲಿಯದೇ.

ಏಳನೆಯ ವರ್ಷ ವೈಶಾಖದಲ್ಲಿ ಅತ್ತೆ ತೀರಿಕೊಂಡರು. ಮೂರು ದಿನ ಜ್ವರ, ಅಷ್ಟೇ. ತಿಥಿ ಮುಗಿದು ಮನೆ ಖಾಲಿಯಾದ ವಾರದಲ್ಲಿ ಗುಡುಗು ಶುರುವಾಯಿತು. ನಿಮ್ಮ ತಾತ ಕೆಲಸಕ್ಕೆ ಹೋಗಿದ್ದರು. ದಿಬ್ಬದ ಕಡೆ ಆಳುಗಳು ಕಂಡರು. ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದು, ಆಮೇಲೆ ಹೋದೆ.

ಆಳುಗಳ ಮೇಸ್ತ್ರಿ ಗುದ್ದಲಿ ಊರಿಕೊಂಡು ನಿಂತ. ಇವನು ಬೇರೆಯವನು, ತಮಿಳಿನವನು, ಅತ್ತೆಯನ್ನು ಪಾಟಿ, ಅಂದರೆ ಅಜ್ಜಿ, ಅನ್ನುತ್ತಿದ್ದ. "ಪಾಟಿ ಎಲ್ಲಿ ಅಮ್ಮಾ? ಕೆಲಸ ಮುಗೀತು. ನಡೆದು ನೋಡಿ ಬೈಯೋಕೆ ಬರಲಿಲ್ಲ."

"ಇಲ್ಲ" ಎಂದೆ. ಅವನಿಗೆ ಅರ್ಥವಾಯಿತು. ತಲೆಯ ಮೇಲಿನ ಟವಲು ತೆಗೆದ. "ಹಾಗಾದರೆ ಹೊರಡ್ಲಾ?" ಎಂದ.

ನಾನು ಕಟ್ಟೆಯನ್ನು ಹತ್ತಿ ನಡೆದೆ. ಹತ್ತು ಹನ್ನೆರಡು ಗಂಡಸರು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮೂಡಣ ಮೂಲೆಯಲ್ಲಿ ಪಾದ ಮುಳುಗುವಷ್ಟು ಕಾಲು ಇಳಿಯಿತು. ಅಲ್ಲೇ ನಿಂತೆ.

"ಇಲ್ಲಿ ಮೆತ್ತಗಿದೆ" ಎಂದೆ. "ಇನ್ನೂ ಹತ್ತು ಮಂಕರಿ ಮಣ್ಣು ಬೇಕು."

ಮೇಸ್ತ್ರಿ ಮೋಡ ನೋಡಿದ, ನನ್ನನ್ನು ನೋಡಿದ. ನಾನು ಇಳಿಯಲಿಲ್ಲ. ಅವನು ಟವಲನ್ನು ಮತ್ತೆ ತಲೆಗೆ ಸುತ್ತಿಕೊಂಡು ಆಳುಗಳನ್ನು ಕೂಗಿದ.